ಲಂಕೆಯ ತಿಮಿಂಗಿಲಗಳೂ ಹದಿನೈದು ಮೈಲಿಯ ದಾರಿಯೂ

ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಲಂಕೆಯಿಂದ ಪುಷ್ಪಕವನ್ನೇರಿ ಅಯೋಧ್ಯೆಗೆ ಹಿಂದಿರುಗುವಾಗ ಕೆಳಗೆ ಹರಡಿದ ಸಮುದ್ರವನ್ನು ಸೀತೆಗೆ ತೋರಿಸುತ್ತಾನೆ. ಅವನು ತೋರಿಸುವ ವಿಸ್ಮಯಗಳಲ್ಲಿ ‘ತಿಮಿ’ಗಳೂ ಸೇರಿವೆ. ನೀರನ್ನೂ ಅದರೊಳಗಣ ಜೀವರಾಶಿಯನ್ನೂ ಒಟ್ಟಿಗೆ ಬಾಯಿಗೆ ತುಂಬಿಕೊಳ್ಳುವ, ನೆತ್ತಿಯ ರಂಧ್ರದಿಂದ ಚಿಲುಮೆ ಹಾರಿಸುವ ಮಹಾಮತ್ಸ್ಯಗಳವು. ಒಳನಾಡಿನವನೆಂದು ನಾವು ಭಾವಿಸುವ ಕವಿ ಇದನ್ನು ಯಾವ ನಾವಿಕನ ಬಾಯಿಂದ ಕೇಳಿ ತಿಳಿದನೋ! ಇಂದಿನ ಪ್ರಾಣಿಶಾಸ್ತ್ರಜ್ಞರು ಅವನಲ್ಲಿ ತಿದ್ದಬೇಕಾದುದು ಸ್ವಲ್ಪವೇ. ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡುವ ಪ್ರಾಣಿ. ಅದರ ನೆತ್ತಿಯಿಂದ ಚಿಮ್ಮುವುದು ನುಂಗಿದ ನೀರಲ್ಲ, ಬಿಸಿಯುಸಿರು. ಬಾಯಿಗೆ ತುಂಬಿದ ನೀರು ಜರಡಿಯಂಥ ಫಲಕಗಳ ನಡುವೆ ಸೋಸಿ ಬಾಯಿಂದಲೇ ಹೊರಗೆ ಹೋಗುತ್ತದೆ, ಸಿಗಡಿಯಂಥ ಸಣ್ಣ ಜೀವಿಗಳು ಒಳಗುಳಿಯುತ್ತವೆ. ಇಷ್ಟನ್ನು ಬಿಟ್ಟರೆ, ಲಂಕೆಯನ್ನು ಬಿಟ್ಟು ಬರುವವರು ಸಮುದ್ರದಲ್ಲಿ ಏನನ್ನು ಕಾಣಬಹುದೆಂಬುದನ್ನು ಕವಿ ಚೆನ್ನಾಗಿಯೇ ಬಲ್ಲವನಾಗಿದ್ದ.

ತಿಮಿಯನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲ. ನಮ್ಮ ಹಿಂದಿನವರ ಕಲ್ಪನೆ ಹೀಗೆ ಒಂದರ ಮೇಲೊಂದು ಬಾಯಿಯನ್ನಿಟ್ಟು ಸಮುದ್ರದ ಆಳವನ್ನು ಅಳೆಯಿತು. ಆದರೆ ಈಚಿನ ಕನ್ನಡ ಪತ್ರಿಕೆಗಳ ವಾಚಕನಿಗೆ ಈ ಪ್ರಾಣಿ ಎದುರಾಗುವುದು ಬಹುಮಟ್ಟಿಗೆ ಅಪರಾಧ ವಾರ್ತೆಗಳ ಅಂಕಣದಲ್ಲಿ. ‘ತಿಮಿಂಗಿಲದ ವಾಂತಿ’ಯನ್ನು ಕದ್ದು ಮಾರಲು ಹೊರಟವರನ್ನು ಬೆಂಗಳೂರಿನಲ್ಲೋ ಕರಾವಳಿಯ ಊರುಗಳಲ್ಲೋ ಪೊಲೀಸರು ಹಿಡಿದ ಸುದ್ದಿ 2021ರಿಂದೀಚೆಗೆ ಮತ್ತೆ ಮತ್ತೆ ಬಂದಿದೆ. ಸುಗಂಧದ್ರವ್ಯದವರು ಹಣ ತೆತ್ತು ಕೊಳ್ಳುವ ಆ ವಸ್ತು ಒಂದು ಜಾತಿಯ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವಂಥದು. ಅದರ ವ್ಯಾಪಾರವನ್ನು ನಮ್ಮ 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆ. ಮೂರು ಸಾವಿರ ವರ್ಷಗಳ ಮಹಾಮತ್ಸ್ಯ ಕೊನೆಗೆ ಪೊಲೀಸರ ಪಂಚನಾಮೆಯಲ್ಲಿ ಒಂದು ಗಂಟಾಗಿ ಉಳಿಯಿತಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ.

ಹೀಗಿರುವಾಗ, ಜೀವಂತವಾದ ತಿಮಿಂಗಿಲವನ್ನು ಅದರ ಮನೆಯಲ್ಲೇ ಕಂಡುಬರಬೇಕೆಂದು ಹಣ ಖರ್ಚುಮಾಡಿಕೊಂಡು ಸಮುದ್ರಕ್ಕೆ ಹೋಗುವ ಜನ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಅದಕ್ಕೆ ಪ್ರಸಿದ್ಧವಾದ ಸ್ಥಳಗಳಲ್ಲಿ ನಮಗೆ ಅತ್ಯಂತ ಸಮೀಪದ್ದು ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸ. ನವೆಂಬರಿನಿಂದ ಏಪ್ರಿಲ್‌ವರೆಗೆ, ಸಮುದ್ರ ಶಾಂತವಾಗಿರುವ ತಿಂಗಳುಗಳಲ್ಲಿ, ಅಲ್ಲಿಯ ಮೀನುಗಾರಿಕೆಯ ಬಂದರಿನಿಂದ ಪ್ರತಿ ಮುಂಜಾನೆ ದೋಣಿಗಳು ಹೊರಡುತ್ತವೆ. ಮೊದಲು ಡಾಲ್ಫಿನ್‌ಗಳು ಸಿಗುತ್ತವೆ. ನೂರಾರು ಒಟ್ಟಿಗೆ, ನೀರಿನಿಂದ ಚಿಮ್ಮಿ ಗಾಳಿಯಲ್ಲಿ ಬುಗುರಿಯಂತೆ ತಿರುಗಿ ಬೀಳುವ ಜಾತಿಯವು. ಇನ್ನೂ ದೂರ ಹೋದ ಮೇಲೆ, ಅದೃಷ್ಟವಿದ್ದರೆ, ದೋಣಿಯವನು ಕೈಯೆತ್ತಿ ತೋರಿಸುತ್ತಾನೆ. ದಿಗಂತದ ಹತ್ತಿರ ಬೆಳ್ಳನೆಯ ಉಸಿರಿನ ಕಂಬವೊಂದು ಎದ್ದು ಕರಗುತ್ತದೆ. ಆಮೇಲೆ ಮುಗಿಯುವುದೇ ಇಲ್ಲವೇನೋ ಎಂಬಂತೆ ಬೂದುನೀಲಿಯ ಬೆನ್ನು ಹಾದುಹೋಗುತ್ತದೆ. ಕಡೆಗೆ ಕೆಲವೊಮ್ಮೆ ಬಾಲ ಮೇಲೆದ್ದು ಒಂದು ಗಳಿಗೆ ನಿಂತು ಲಂಬವಾಗಿ ಇಳಿಯುತ್ತದೆ. ಭೂಮಿಯ ಮೇಲೆ ಎಂದಾದರೂ ಬದುಕಿದ್ದ ಪ್ರಾಣಿಗಳಲ್ಲೆಲ್ಲ ದೊಡ್ಡದಾದ ನೀಲಿ ತಿಮಿಂಗಿಲವದು. ಅಲ್ಲಿಗೆ ಹೋಗಿಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಅನುಭವವನ್ನು ಸಂಗ್ರಹವಾಗಿ ಹೀಗೆ ಹೇಳಿದ: “ಐದು ಗಂಟೆ ಸಮುದ್ರದ ಮೇಲಿದ್ದೆ, ಸಾರ್. ಅದರಲ್ಲಿ ನಾಲ್ಕೂವರೆ ಗಂಟೆ ದೋಣಿಯ ಅಂಚನ್ನು ಹಿಡಿದುಕೊಂಡು ಹೊಟ್ಟೆ ತೊಳಸುವುದನ್ನು ಸಹಿಸಿದೆ. ಒಂದು ನಿಮಿಷ ಅದನ್ನು ಕಂಡೆ. ಆ ಒಂದು ನಿಮಿಷಕ್ಕಾಗಿ ನಾಳೆಯೇ ಮತ್ತೆ ಹೋಗಬಲ್ಲೆ.”

ಈ ಒಂದು ನಿಮಿಷದ ಹಿಂದೆ ಇರುವ ವ್ಯವಹಾರವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಏಕೆಂದರೆ ಆ ಪ್ರವಾಸಿಯು ದೋಣಿಯಲ್ಲಿ ನಿಂತು ತಿಮಿಂಗಿಲವನ್ನು ನೋಡುತ್ತಿರುವಾಗಲೇ, ಅವನ ಕಣ್ಣಿನ ಅಳತೆಯೊಳಗೇ ದೈತ್ಯಾಕಾರದ ಹಡಗುಗಳು ಸಾಲಾಗಿ ಸಾಗುತ್ತಿರುತ್ತವೆ. ಛಾಯಾಚಿತ್ರದಲ್ಲಿ ಅವು ಬರದಂತೆ ಅವನು ಸ್ವಲ್ಪ ಓರೆಯಾಗಿ ನಿಲ್ಲುತ್ತಾನೆ. ಹಡಗುಗಳನ್ನೂ ಸೇರಿಸಿಕೊಂಡರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಮೊದಲು ಈ ಪ್ರಾಣಿಗಳು ಅಲ್ಲೇ ಏಕಿವೆ ಎಂಬುದನ್ನು ತಿಳಿಯಬೇಕು. ಲಂಕೆಯ ದಕ್ಷಿಣದ ತುದಿ ದೊಂಡ್ರ ಭೂಶಿರ. ದೇವಿನುವರ ಎಂದು ಅದರ ಸಿಂಹಳ ಹೆಸರು, ಎಂದರೆ ದೇವರ ಪಟ್ಟಣ. ಅದರಾಚೆ ದಕ್ಷಿಣ ಧ್ರುವಖಂಡದವರೆಗೆ ನೆಲವಿಲ್ಲ. ಈ ಭಾಗದಲ್ಲಿ ಕರಾವಳಿಯ ಆಳವಿಲ್ಲದ ಅಂಚು ಬಹಳ ಕಿರಿದು; ಕೆಲವೇ ಮೈಲಿಗಳಲ್ಲಿ ಕಡಲತಳವು ಸಾವಿರ ಮೀಟರಿನ ಆಳಕ್ಕೆ ಧುಮುಕುತ್ತದೆ. ಮುಂಗಾರು ಮತ್ತು ಹಿಂಗಾರಿನ ಗಾಳಿಗಳು ಕಡಲನ್ನು ಕಲಕಿ, ಕೆಳಗಿನ ತಂಪಾದ, ಸಾರವುಳ್ಳ ನೀರನ್ನು ಮೇಲಕ್ಕೆ ತರುತ್ತವೆ; ಆ ನೀರಿನಲ್ಲಿ ಸೂಕ್ಷ್ಮಸಸ್ಯಗಳೂ ಅವನ್ನು ತಿನ್ನುವ ಸಿಗಡಿಗಳೂ ಹುಲುಸಾಗಿ ಬೆಳೆಯುತ್ತವೆ. ಬೇರೆ ಸಾಗರಗಳ ನೀಲಿ ತಿಮಿಂಗಿಲಗಳು ಬೇಸಗೆಯಲ್ಲಿ ಧ್ರುವದ ಕಡೆಗೆ ಹೋಗಿ ಹೊಟ್ಟೆ ತುಂಬಿಕೊಂಡು, ಚಳಿಗಾಲಕ್ಕೆ ಬೆಚ್ಚನೆಯ ನೀರಿಗೆ ಬಂದು ಮರಿ ಹಾಕುತ್ತವೆಂಬುದು ಪಠ್ಯಪುಸ್ತಕದ ಮಾತು. ಲಂಕೆಯ ತಿಮಿಂಗಿಲಗಳು ಆ ಮಾತನ್ನು ಮೀರಿದವು. ಅವು ಈ ಉಷ್ಣವಲಯದಲ್ಲೇ ತಿಂದು, ಇಲ್ಲೇ ಬದುಕುತ್ತವೆ. 2003ರಲ್ಲಿ ಸಂಶೋಧನಾನೌಕೆಯೊಂದರಲ್ಲಿದ್ದ ಲಂಕೆಯ ತರುಣಿ ಆಶಾ ದ ವೋಸ್ ಎಂಬಾಕೆ ಆರು ನೀಲಿ ತಿಮಿಂಗಿಲಗಳ ಗುಂಪನ್ನು ಕಂಡಳು. ನೀರಿನ ಮೇಲೆ ತೇಲುತ್ತಿದ್ದ ಅವುಗಳ ಕೆಂಪು ಮಲ, ಅವು ಅಲ್ಲೇ ಆಹಾರ ಹುಡುಕಿಕೊಂಡಿವೆ ಎಂಬುದಕ್ಕೆ ಸಾಕ್ಷಿಯಾಯಿತು. ಅನಂತರ ಕಡಲಸ್ತನಿಗಳ ಸಂಶೋಧನೆಯಲ್ಲಿ ಡಾಕ್ಟರೇಟ್ ಪಡೆದ ಮೊದಲ ಶ್ರೀಲಂಕನ್ನಳೆಂದು ಪ್ರಸಿದ್ಧಳಾದ ಈಕೆ, ಈ ಪ್ರಾಣಿಗಳಿಗೆ ‘ಸಂಪ್ರದಾಯ ಬಿಟ್ಟವು’ ಎಂಬರ್ಥದ ಹೆಸರಿಟ್ಟಿದ್ದಾಳೆ. ಶಾಸ್ತ್ರದ ದೊಡ್ಡ ಶೋಧವೊಂದಕ್ಕೆ ತೇಲುವ ಮಲವೇ ಆಧಾರವಾದುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಆಶಾ ದ ವೋಸ್‌ಗಿಂತ ಮೊದಲು ಯಾರೂ ನೋಡಿರಲಿಲ್ಲವೆಂದಲ್ಲ. 1980ರ ದಶಕದ ಆರಂಭದಲ್ಲಿ ‘ಟ್ಯುಲಿಪ್’ ಎಂಬ ಹಾಯಿನೌಕೆಯಲ್ಲಿ ಬಂದ ಸಂಶೋಧಕರು ತ್ರಿಕೋಣಮಲೆಯ ಹೊರಗೆ ನೀಲಿ ತಿಮಿಂಗಿಲಗಳನ್ನು ಅಭ್ಯಾಸ ಮಾಡಿ, ಅವುಗಳ ಧ್ವನಿಯನ್ನೂ ಮುದ್ರಿಸಿಕೊಂಡಿದ್ದರು. ಆದರೆ 1983ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ತಮಿಳರೂ ಸಿಂಹಳರೂ ನೆಲದ ಮೇಲೆ ಸಾಯುತ್ತಿದ್ದ ಆ ಇಪ್ಪತ್ತಾರು ವರ್ಷ, ಪೂರ್ವದ ಕಡಲು ಸಂಶೋಧಕರಿಗೂ ಪ್ರವಾಸಿಗಳಿಗೂ ಮುಚ್ಚಿದಂತೆಯೇ ಇತ್ತು. 2004ರ ಡಿಸೆಂಬರ್ 26ರ ಸುನಾಮಿ ದಕ್ಷಿಣ ತೀರದ ಮೀನುಗಾರರ ದೋಣಿ, ಬಲೆ, ಮನೆ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ಆ ತರುವಾಯ ಮಿರಿಸ್ಸದಲ್ಲಿ ತಿಮಿಂಗಿಲ ತೋರಿಸುವ ಉದ್ಯೋಗ ಮೊಳೆಯಿತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದು ಪ್ರವಾಸಿಗಳು ತಂಡೋಪತಂಡವಾಗಿ ಬರತೊಡಗಿದಾಗ ಅದು ಹೆಮ್ಮರವಾಯಿತು. ನಿನ್ನೆ ಮೀನು ಹಿಡಿಯುತ್ತಿದ್ದ ಕೈ ಇಂದು ಪ್ರವಾಸಿಗೆ ಜೀವರಕ್ಷಕ ಅಂಗಿಯನ್ನು ತೊಡಿಸುತ್ತಿದೆ. ಇದನ್ನು ಲಘುವಾಗಿ ಕಾಣಬಾರದು. ಸತ್ತರೆ ಬೆಲೆ ಬರುವ ಪ್ರಾಣಿಯು ಬದುಕಿದ್ದರೆ ಬೆಲೆ ಬರುವಂತೆ ಆದುದು ಅರ್ಥಶಾಸ್ತ್ರದಲ್ಲಿ ಮಾತ್ರವಲ್ಲ, ಧರ್ಮಶಾಸ್ತ್ರದಲ್ಲೂ ಒಂದು ಬದಲಾವಣೆ.

ಪ್ರವಾಸಿಗಳ ಪ್ರಮಾಣ ಎಷ್ಟೆಂಬುದನ್ನೂ ತಿಳಿದಿರಬೇಕು. 2018ರಲ್ಲಿ 23 ಲಕ್ಷ ವಿದೇಶಿಯರು ಶ್ರೀಲಂಕಾಕ್ಕೆ ಬಂದಿದ್ದರು. 2019ರ ಈಸ್ಟರ್ ಭಾನುವಾರದ ಬಾಂಬು ಸ್ಫೋಟಗಳು, ಅದರ ಬೆನ್ನಿಗೇ ಕೋವಿಡ್, ಅದರ ಮೇಲೆ 2022ರ ಆರ್ಥಿಕ ಕುಸಿತ—ಈ ಮೂರು ಏಟುಗಳಲ್ಲಿ ಸಂಖ್ಯೆ ಪಾತಾಳಕ್ಕಿಳಿಯಿತು. 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ. 2024ರಲ್ಲಿ ಮತ್ತೆ 20 ಲಕ್ಷ ದಾಟಿತು. ಅವರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಭಾರತೀಯರು; ಬೇರೆ ಯಾವ ದೇಶದವರೂ ಅಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ಆದ್ದರಿಂದ ಮಿರಿಸ್ಸದ ವಿಷಯ ನಮಗೆ ಸಂಬಂಧಿಸಿದ್ದಲ್ಲವೆಂದು ಪಕ್ಕಕ್ಕಿಡುವಂತಿಲ್ಲ.

ದೋಣಿಗಳ ಮೇಲೆ ದೂರುಗಳಿವೆ, ಅವು ಸುಳ್ಳೂ ಅಲ್ಲ. ಒಂದು ತಿಮಿಂಗಿಲ ಉಸಿರು ಬಿಟ್ಟಿತೆಂದರೆ ಹತ್ತು ದೋಣಿಗಳು ಹತ್ತು ದಿಕ್ಕಿನಿಂದ ಅದರತ್ತ ನುಗ್ಗುತ್ತವೆ. ಪ್ರವಾಸಿಯು ಹತ್ತಿರದ ಚಿತ್ರ ಬೇಕೆನ್ನುತ್ತಾನೆ, ದೋಣಿಯವನು ಅವನನ್ನು ಮೆಚ್ಚಿಸಲು ನೋಡುತ್ತಾನೆ. ಉಸಿರಿಗಾಗಿ ಮೇಲೆ ಬಂದ ಪ್ರಾಣಿ ಪೂರ್ತಿ ಉಸಿರಾಡುವ ಮೊದಲೇ ಮುಳುಗುತ್ತದೆ. 2012ರಲ್ಲಿ ಲಂಕೆಯ ಸರ್ಕಾರ ಕಡಲಸ್ತನಿಗಳ ವೀಕ್ಷಣೆಗೆ ನಿಯಮಗಳನ್ನು ಮಾಡಿತು: ನೂರು ಮೀಟರಿಗಿಂತ ಹತ್ತಿರ ಹೋಗಬಾರದು, ದಾರಿಗೆ ಅಡ್ಡ ಹಾಕಬಾರದು, ಇತ್ಯಾದಿ. ನಿಯಮ ಪಾಲಿಸುವ ದೋಣಿಗಳೂ ಉಂಟು, ಪಾಲಿಸದವೂ ಉಂಟು. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಹೇಳಬೇಕು. ಮೀನುಗಾರನ ಮಗನೊಬ್ಬ ಮರದ ದೋಣಿಯನ್ನು ಸ್ವಲ್ಪ ಹತ್ತಿರ ತಂದನೆಂದು ಲೇಖನ ಬರೆಯುವುದು ಸುಲಭ. ಅದೇ ನೀರಿನಲ್ಲಿ ಮುನ್ನೂರು ಮೀಟರ್ ಉದ್ದದ ಉಕ್ಕಿನ ಹಡಗೊಂದು ಏನು ಮಾಡುತ್ತದೆಂದು ಕೇಳುವವರು ಕಡಿಮೆ, ಏಕೆಂದರೆ ಆ ಹಡಗಿನ ಮೇಲೆ ನಿಂತು ದೂರು ಕೊಡುವ ಪ್ರವಾಸಿಗಳಿಲ್ಲ.

2012ರ ಮಾರ್ಚ್ ತಿಂಗಳಲ್ಲಿ ಕಂಟೇನರ್ ಹಡಗೊಂದು ಕೊಲಂಬೊ ಬಂದರಿಗೆ ಬಂದಾಗ ಅದರ ಮೂತಿಗೆ ಅಡ್ಡಲಾಗಿ ಸತ್ತ ನೀಲಿ ತಿಮಿಂಗಿಲವೊಂದು ಸಿಕ್ಕಿಕೊಂಡಿತ್ತು. ಆ ಚಿತ್ರವನ್ನು ಕಂಡವರು ಮರೆಯಲಾರರು. ಇಂಥ ಅನೇಕ ಡಿಕ್ಕಿಗಳಲ್ಲಿ ದೇಹ ಮುಳುಗಿಹೋಗುತ್ತದೆ. ಲೆಕ್ಕಕ್ಕೆ ಸಿಗುವುದು ಹೀಗೆ ಅಕಸ್ಮಾತ್ತಾಗಿ ದಡಕ್ಕೆ ಬಂದದ್ದು ಮಾತ್ರ.

ಸೂಯೆಜ್ ಕಾಲುವೆಗೂ ಮಲಕ್ಕಾ ಜಲಸಂಧಿಗೂ ನಡುವೆ ಓಡಾಡುವ ಹಡಗುಗಳು ದೊಂಡ್ರದ ಮೂಲೆಯನ್ನು ಸುತ್ತಿ ಹೋಗಬೇಕು. ಪೂರ್ವಕ್ಕೆ ಹೋಗುವವಕ್ಕೆ ಒಂದು, ಪಶ್ಚಿಮಕ್ಕೆ ಬರುವವಕ್ಕೆ ಒಂದು ಎಂದು ಅಲ್ಲಿ ನಕಾಶೆಯ ಮೇಲೆ ಎರಡು ಸಾಲುದಾರಿಗಳನ್ನು ಗೊತ್ತುಮಾಡಿದ್ದಾರೆ. ಜಗತ್ತಿನ ಅತ್ಯಂತ ದಟ್ಟವಾದ ಹಡಗುದಾರಿಗಳಲ್ಲಿ ಇದೂ ಒಂದು. ದಾರಿ ಹೊಸದಲ್ಲ. ಇಬ್ನ್ ಬತೂತಾ 1344ರಲ್ಲಿ ದೊಂಡ್ರದ ಮಹಾದೇವಾಲಯವನ್ನು ನೋಡಿದ್ದ. ಚೀನದ ನೌಕಾಧಿಪತಿ ಜೆಂಗ್ ಹೇ ತಂದ ಶಾಸನ, ಚೀನೀ, ತಮಿಳು, ಪಾರಸಿ ಎಂಬ ಮೂರು ಭಾಷೆಗಳಲ್ಲಿ ಬರೆದದ್ದು, 1911ರಲ್ಲಿ ಗಾಲ್ ಪಟ್ಟಣದಲ್ಲಿ ಸಿಕ್ಕಿತು. ಅದರ ತಮಿಳು ಪಾಠದಲ್ಲಿ ಕಾಣಿಕೆ ಅರ್ಪಿತವಾಗಿರುವುದು ಈ ದೊಂಡ್ರದ ದೇವರಿಗೇ. ಹಾಯಿಯ ಹಡಗುಗಳು ದೇವರಿಗೆ ಕಾಣಿಕೆ ಕೊಟ್ಟು ತಿಮಿಂಗಿಲಗಳ ನಡುವೆ ಹಾದುಹೋಗುತ್ತಿದ್ದವು, ಎರಡೂ ಪಕ್ಷಗಳಿಗೆ ಹೆಚ್ಚಿನ ತೊಂದರೆಯಿಲ್ಲದೆ. ಇಂದಿನ ಹಡಗಿನ ಗಾತ್ರವೂ ವೇಗವೂ ಬೇರೆ. ದೊಡ್ಡ ತಿಮಿಂಗಿಲಗಳಿಗೆ ಹಡಗು ಬಡಿದ ಪ್ರಸಂಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಡಗಿನ ವೇಗ ಸುಮಾರು ಎಂಟೂವರೆ ನಾಟ್ ಇದ್ದರೆ ಬಡಿದ ಪ್ರಾಣಿ ಸಾಯುವ ಸಂಭವ ಐದರಲ್ಲಿ ಒಂದು. ಹದಿನೈದು ನಾಟ್ ಇದ್ದರೆ ಐದರಲ್ಲಿ ನಾಲ್ಕು.

ಇಷ್ಟು ದೊಡ್ಡ ಪ್ರಾಣಿಗೆ ಹಡಗಿನ ಸದ್ದು ಕೇಳಿಸದೆ? ಪಕ್ಕಕ್ಕೆ ಸರಿಯಬಾರದೆ? ಈ ಪ್ರಶ್ನೆ ಸಹಜವಾದದ್ದು. ಕ್ಯಾಲಿಫೋರ್ನಿಯದ ಕಡಲಿನಲ್ಲಿ ನೀಲಿ ತಿಮಿಂಗಿಲಗಳ ಮೈಗೆ ಯಂತ್ರ ಅಂಟಿಸಿ ಪರೀಕ್ಷಿಸಿದವರು ಕಂಡದ್ದು ಇಷ್ಟು: ಹಡಗು ಬಳಿಗೆ ಬಂದಾಗ ಅವು ಪಕ್ಕಕ್ಕೆ ಓಡುವುದಿಲ್ಲ, ನಿಧಾನವಾಗಿ, ಮೈ ಭಾರಕ್ಕೆ ತಕ್ಕಂತೆ ಕೆಳಗಿಳಿಯುತ್ತವೆ, ಆ ನಿಧಾನ ಸಾಲದು. ಮೇಲಾಗಿ ಯಂತ್ರವೂ ತಿರುಗುರೆಕ್ಕೆಯೂ ಇರುವುದು ಹಡಗಿನ ಹಿಂಭಾಗದಲ್ಲಿ; ನೂರಾರು ಮೀಟರ್ ಉದ್ದದ ಒಡಲು ಆ ಸದ್ದಿಗೆ ಅಡ್ಡ ನಿಲ್ಲುವುದರಿಂದ ಮೂತಿಯ ನೇರ ಮುಂದೆ ಸದ್ದು ಕ್ಷೀಣವಾಗಿರುತ್ತದೆ. ಕೊಲ್ಲುವ ಭಾಗವೇ ನಿಶ್ಶಬ್ದವಾದದ್ದು. ಕೋಟ್ಯಂತರ ವರ್ಷ ಈ ಪ್ರಾಣಿಗೆ ತನಗಿಂತ ದೊಡ್ಡದಾದ ಯಾವುದಕ್ಕೂ ದಾರಿ ಬಿಟ್ಟುಕೊಡುವ ಅಗತ್ಯ ಬಂದಿರಲಿಲ್ಲ. ತಿಮಿಂಗಿಲಗಿಲ ಎಂಬುದು ನಮ್ಮವರ ಕಲ್ಪನೆಯಲ್ಲಿತ್ತೇ ಹೊರತು ಅದರ ಅನುಭವದಲ್ಲಿರಲಿಲ್ಲ. ಹೆಣ್ಣು ತಿಮಿಂಗಿಲವು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಹಡೆಯುತ್ತದೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ಒಂದೊಂದು ಡಿಕ್ಕಿಯ ನಷ್ಟ ಎಷ್ಟೆಂಬುದು ಗೊತ್ತಾದೀತು.

ಇದಕ್ಕೆ ಪರಿಹಾರವಿಲ್ಲವೆ? ಇದೆ. ಈ ಪ್ರಸಂಗದ ವಿಚಿತ್ರವಿರುವುದೂ ಅಲ್ಲೇ. ನಮ್ಮ ಕಾಲದ ಪ್ರಕೃತಿಸಮಸ್ಯೆಗಳಲ್ಲಿ ಬಹುಪಾಲು ಬಿಡಿಸಲಾರದ ಗಂಟುಗಳು; ಒಂದೆಳೆ ಎಳೆದರೆ ಹತ್ತು ಬಿಗಿಯಾಗುತ್ತವೆ. ದೊಂಡ್ರದ ಗಂಟು ಹಾಗಲ್ಲ. ಲಂಕೆಯ ರುಹುಣ ವಿಶ್ವವಿದ್ಯಾಲಯದವರೂ ವಿದೇಶದ ಸಂಶೋಧಕರೂ ಕೂಡಿ ಆ ಕಡಲಿನಲ್ಲಿ ಗೆರೆ ಹಾಕಿಕೊಂಡು ಓಡಾಡಿ, ತಿಮಿಂಗಿಲಗಳು ಎಲ್ಲಿ ಎಷ್ಟಿವೆ, ಹಡಗುಗಳು ಎಲ್ಲಿ ಎಷ್ಟಿವೆ ಎಂದು ಎಣಿಸಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ತಿಮಿಂಗಿಲಗಳು ಅತಿ ಹೆಚ್ಚಾಗಿ ಇರುವ ಪಟ್ಟಿಯೂ ಹಡಗುದಾರಿಯೂ ಒಂದರ ಮೇಲೊಂದು ಬಿದ್ದಿದ್ದವು. ಆ ದಾರಿಯನ್ನು ದಕ್ಷಿಣಕ್ಕೆ 15 ನಾವಿಕ ಮೈಲಿ, ಎಂದರೆ ಸುಮಾರು 28 ಕಿಲೋಮೀಟರ್, ಸರಿಸಿದರೆ ಡಿಕ್ಕಿಯ ಅಪಾಯ ಶೇ. 95ರಷ್ಟು ಕಡಿಮೆಯಾಗುತ್ತದೆ. ಸಾವಿರಾರು ಮೈಲಿಯ ಪ್ರಯಾಣದಲ್ಲಿ ಹಡಗಿಗೆ ಇದರಿಂದ ಆಗುವ ಸುತ್ತು ಅತ್ಯಲ್ಪ. ನೂರಕ್ಕೆ ತೊಂಬತ್ತೈದು ಪಾಲು ಫಲವನ್ನು ಇಷ್ಟು ಅಗ್ಗವಾಗಿ ಕೊಡುವ ಸುಧಾರಣೆ ಬೇರೆ ಯಾವ ಕ್ಷೇತ್ರದಲ್ಲಿ ಸಿಕ್ಕೀತು?

ಲಾಭ ತಿಮಿಂಗಿಲಗಳಿಗೆ ಮಾತ್ರವಲ್ಲ. ಈಗಿನ ದಾರಿ ಕರೆಗೆ ಹತ್ತಿರವಾಗಿ, ಸಣ್ಣ ಮೀನುದೋಣಿಗಳೂ ಪ್ರವಾಸಿ ದೋಣಿಗಳೂ ಓಡಾಡುವ ನೀರಿನೊಳಗೇ ಹಾದುಹೋಗುತ್ತದೆ. ಕತ್ತಲಲ್ಲಿ ಒಂದು ಮಿಣುಕುದೀಪ ಹಚ್ಚಿಕೊಂಡು ಬಲೆ ಕಾಯುವ ಮೀನುಗಾರನನ್ನು ಎತ್ತರದ ಹಡಗಿನ ಕಾವಲುಗಾರ ಕಾಣುವುದು ಕಷ್ಟ. ದಾರಿ ದೂರ ಸರಿದರೆ ಅವನ ಜೀವಕ್ಕೂ ಕ್ಷೇಮ.

ಹೀಗೆ ದಾರಿ ಬದಲಿಸಿದ ಪೂರ್ವೋದಾಹರಣೆಗಳಿಲ್ಲದೆ ಇಲ್ಲ. ಕೆನಡಾ ದೇಶವು ಫಂಡಿ ಕೊಲ್ಲಿಯಲ್ಲಿ ಅಳಿವಿನಂಚಿನ ತಿಮಿಂಗಿಲಗಳಿಗಾಗಿ 2003ರಲ್ಲಿಯೇ ಹಡಗುದಾರಿಯನ್ನು ಸರಿಸಿತು. ಅಮೆರಿಕದ ಬಾಸ್ಟನ್ ಬಂದರಿನ ದಾರಿ 2007ರಲ್ಲಿ ಸರಿಯಿತು. ಎರಡೂ ಕಡೆ ವ್ಯಾಪಾರ ನಿಲ್ಲಲಿಲ್ಲ. ನಿಯಮ ಇಷ್ಟೇ: ಅಂತರರಾಷ್ಟ್ರೀಯ ನೌಕಾ ಸಂಘಟನೆಯ ಮುಂದೆ ಸಂಬಂಧಪಟ್ಟ ದೇಶದ ಸರ್ಕಾರವೇ ಪ್ರಸ್ತಾವವನ್ನು ಇಡಬೇಕು. ವಿಜ್ಞಾನಿಗಳು ಇಡುವಂತಿಲ್ಲ, ಸಂಘಸಂಸ್ಥೆಗಳು ಇಡುವಂತಿಲ್ಲ, ಹಡಗಿನ ಕಂಪನಿಗಳೂ ಇಡುವಂತಿಲ್ಲ.

ಲಂಕೆಯ ಸರ್ಕಾರ ಹಿಂಜರಿದದ್ದು ಏಕೆ? ಇಲ್ಲಿ ಅವಸರದ ತೀರ್ಪು ಕೊಡಬಾರದು. ಹಡಗುಗಳು ಹತ್ತಿರ ಹಾದುಹೋಗುವುದೇ ತನ್ನ ಭಾಗ್ಯವೆಂದು ಎಣಿಸುವ ದ್ವೀಪವದು. ಅವುಗಳಿಗೆ ಎಣ್ಣೆ, ಸಾಮಾನು ಒದಗಿಸಿ ನಾಲ್ಕು ಕಾಸು ಸಂಪಾದಿಸುವ ಆಸೆ ಅದಕ್ಕಿದೆ. ಆ ಆಸೆಯಿಂದಲೇ ದಕ್ಷಿಣ ತೀರದ ಹಂಬನ್‌ತೋಟದಲ್ಲಿ ಸಾಲ ಮಾಡಿ ಬಂದರು ಕಟ್ಟಿತು. 2010ರಲ್ಲಿ ತೆರೆದ ಆ ಬಂದರನ್ನು 2017ರಲ್ಲಿ ಚೀನದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಡಬೇಕಾಯಿತು. ದಾರಿ ದೂರ ಹೋದರೆ ಹಡಗುಗಳೂ ದೂರವಾದಾವು ಎಂಬ ಭಯ ಇಂಥ ದೇಶಕ್ಕೆ ಬರುವುದು ಸ್ವಾಭಾವಿಕ. ಆದರೆ ಭಯ ಸ್ವಾಭಾವಿಕವೆಂದ ಮಾತ್ರಕ್ಕೆ ಅದು ಸಯುಕ್ತಿಕವೆಂದಾಗದು. ಬಂದರಿಗೆ ಬರಬೇಕೆಂದಿರುವ ಹಡಗು ಹದಿನೈದು ಮೈಲಿಯನ್ನು ಲೆಕ್ಕಿಸುವುದಿಲ್ಲ. ಬರುವ ಉದ್ದೇಶವೇ ಇಲ್ಲದ ಹಡಗು ಈಗಲೂ ನಿಲ್ಲದೆಯೇ ಹೋಗುತ್ತಿದೆ. ರಸ್ತೆ ಮನೆ ಬಾಗಿಲಿಗೆ ತಾಗಿಕೊಂಡು ಹೋದ ಮಾತ್ರಕ್ಕೆ ದಾರಿಹೋಕರೆಲ್ಲ ನೆಂಟರಾಗುವರೆ?

2022 ಬಂತು. ಏಪ್ರಿಲ್ ತಿಂಗಳಲ್ಲಿ ಶ್ರೀಲಂಕಾ ತನ್ನ ವಿದೇಶಿ ಸಾಲವನ್ನು ತೀರಿಸಲಾರೆನೆಂದು ಸಾರಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಔಷಧಕ್ಕೆ ಅಭಾವ. ಜುಲೈಯಲ್ಲಿ ರಾಷ್ಟ್ರಾಧ್ಯಕ್ಷರೇ ದೇಶ ಬಿಟ್ಟು ಹೋದರು. ಡೀಸೆಲ್ ಇಲ್ಲದೆ ನಿಂತ ದೋಣಿಗಳ ನಡುವೆ ತಿಮಿಂಗಿಲದ ಕಡತವನ್ನು ಬಿಚ್ಚಿ ಕೂರುವ ಅಧಿಕಾರಿ ಯಾರಿದ್ದಾನು? ಅದೇ ವರ್ಷದ ನಡುವೆ, ಯಾರೂ ನಿರೀಕ್ಷಿಸದ ಕಡೆಯಿಂದ ಒಂದು ಹೆಜ್ಜೆ ಬಂತು. ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗು ಸಂಸ್ಥೆಯಾದ ಮೆಡಿಟರೇನಿಯನ್ ಷಿಪ್ಪಿಂಗ್ ಕಂಪನಿ ತನ್ನ ಹಡಗುಗಳನ್ನು ಅಧಿಕೃತ ದಾರಿಯಿಂದ ಸುಮಾರು 15 ಮೈಲಿ ದಕ್ಷಿಣಕ್ಕೆ ನಡೆಸತೊಡಗಿತು. ಕರೆಯ ಹತ್ತಿರ ಹೋಗಲೇಬೇಕಾದ ಸಣ್ಣ ಹಡಗುಗಳ ವೇಗವನ್ನು 10 ನಾಟ್‌ಗಿಂತ ಕೆಳಕ್ಕೆ ಇಳಿಸಿತು. ಸರ್ಕಾರ ಮಾಡಬೇಕಾದುದನ್ನು ವರ್ತಕನು ಮಾಡಿದ. ಇದರಲ್ಲಿ ಕೀರ್ತಿಯ ಆಸೆಯೂ ಇರಬಹುದು; ಇದ್ದರೆ ಇರಲಿ. ಕೀರ್ತಿಗಾಗಿ ಕೆರೆ ಕಟ್ಟಿಸಿದವರ ನೀರನ್ನು ನಮ್ಮ ಊರುಗಳು ಇಂದಿಗೂ ಕುಡಿಯುತ್ತಿಲ್ಲವೆ?

ಆದರೆ ವರ್ತಕನ ಔದಾರ್ಯಕ್ಕೊಂದು ಮಿತಿಯುಂಟು. ಒಂದು ಸಂಸ್ಥೆ ಎಷ್ಟೇ ದೊಡ್ಡದಾದರೂ ಕಡಲಿನ ಹಡಗುಗಳೆಲ್ಲ ಅದರದಲ್ಲ. ಎಣ್ಣೆಹಡಗುಗಳು, ಅದಿರು ಕಲ್ಲಿದ್ದಲು ಸಾಗಿಸುವವು, ಕಾರು ಹೊರುವವು, ಇವಕ್ಕೆಲ್ಲ ನಕಾಶೆಯಲ್ಲಿ ಅಚ್ಚಾದ ದಾರಿಯೇ ಪ್ರಮಾಣ. ತನಗೆ ತೋಚಿದಂತೆ ಹೋಗಿ ಅಪಘಾತವಾದರೆ ಕಪ್ತಾನನೇ ಉತ್ತರ ಹೇಳಬೇಕು. ಸ್ವಂತ ಇಚ್ಛೆಯಿಂದ ದೂರ ಹೋಗುವ ಕೆಲವರು, ಹಳೆಯ ಸಾಲಿನಲ್ಲೇ ಹೋಗುವ ಹಲವರು ಎಂದಾದರೆ, ಸಂಚಾರವನ್ನು ಕ್ರಮಗೊಳಿಸಲೆಂದೇ ಹುಟ್ಟಿದ ವ್ಯವಸ್ಥೆಯ ಅರ್ಥವೂ ಸಡಿಲವಾಗುತ್ತದೆ. 2024 ಮುಗಿಯುವವರೆಗೂ ದೊಂಡ್ರದ ದಾರಿ ನಕಾಶೆಯಲ್ಲಿ ಹಳೆಯ ಸ್ಥಾನದಲ್ಲೇ ಇತ್ತು.

ಡಾಲ್ಫಿನ್‌ಗಳ ವಿಷಯ ಬೇರೆ, ಇನ್ನೂ ಕಷ್ಟದ್ದು. ಮಿರಿಸ್ಸದಲ್ಲಿಯೂ ಪಶ್ಚಿಮ ತೀರದ ಕಲ್ಪಿಟಿಯದಲ್ಲಿಯೂ ದೋಣಿಯ ಮುಂದೆ ಕುಣಿಯುವ ಈ ಪ್ರಾಣಿಗಳನ್ನು ಕೊಲ್ಲುವುದು ಹಡಗಲ್ಲ, ಬಲೆ. ಸೂರೆಮೀನಿಗಾಗಿ ಇಳಿಬಿಡುವ ಮೈಲಿಗಟ್ಟಲೆ ಉದ್ದದ ಬಲೆಗಳಲ್ಲಿ ಅವು ಸಿಕ್ಕಿ, ಉಸಿರಿಗೆ ಮೇಲೆ ಬರಲಾರದೆ ಸಾಯುತ್ತವೆ. 1950ರಿಂದ 2018ರವರೆಗೆ ಇಡೀ ಹಿಂದೂ ಮಹಾಸಾಗರದಲ್ಲಿ ಹೀಗೆ ಸಿಕ್ಕಿಬಿದ್ದ ಸಣ್ಣ ಕಡಲಸ್ತನಿಗಳು 40 ಲಕ್ಷಕ್ಕೂ ಹೆಚ್ಚೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಭಾರತ, ಶ್ರೀಲಂಕಾ, ಪಾಕಿಸ್ತಾನ, ಇರಾನ್, ಎಲ್ಲ ದೇಶಗಳ ಬಲೆಗಳೂ ಇದರಲ್ಲಿ ಪಾಲುದಾರ. ಇದಕ್ಕೆ ಹದಿನೈದು ಮೈಲಿಯಂಥ ಸುಲಭದ ಮದ್ದಿಲ್ಲ. ಬಲೆಯನ್ನು ಬಿಡು ಎಂದರೆ ಮೀನುಗಾರನ ಒಲೆ ಆರುತ್ತದೆ. ಸುಲಭದ್ದನ್ನೇ ಮಾಡದವರು ಕಷ್ಟದ್ದನ್ನು ಮಾಡಿಯಾರೆ ಎಂಬ ಅನುಮಾನ ಬರುವುದು ಈ ಕಾರಣಕ್ಕೆ.

ಕಾಗದದ ಮೇಲಿನ ರಕ್ಷಣೆಗೆ ಈ ಸಾಗರದಲ್ಲಿ ಕೊರತೆಯಿಲ್ಲ. ಸೆಷೆಲ್ಸ್ ದೇಶದ ಸಲಹೆಯಂತೆ 1979ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಹಿಂದೂ ಮಹಾಸಾಗರವನ್ನು ದಕ್ಷಿಣಕ್ಕೆ 55 ಡಿಗ್ರಿಯವರೆಗೆ ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಿತು. ಅದಕ್ಕೂ ಮೊದಲಿನ ಕಥೆ ಘೋರವಾದದ್ದು. 1960ರ ದಶಕದಲ್ಲಿ ಸೋವಿಯತ್ ನೌಕಾಪಡೆಗಳು ನಮ್ಮ ಈ ಉತ್ತರ ಹಿಂದೂ ಮಹಾಸಾಗರದಲ್ಲಿ ಗುಟ್ಟಾಗಿ ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದವು. ಲೆಕ್ಕವನ್ನು ಸುಳ್ಳು ಮಾಡಿದರು. ಸೋವಿಯತ್ ರಾಜ್ಯವೇ ಅಳಿದ ಮೇಲೆ ಆ ಕಾಲದ ವಿಜ್ಞಾನಿಗಳು ನಿಜಸಂಖ್ಯೆಯನ್ನು ಹೊರಗೆಡಹಿದರು. ಇಂದು ಮಿರಿಸ್ಸದಲ್ಲಿ ಬಾಲವೆತ್ತುವ ಪ್ರಾಣಿಗಳು ಆ ಹತ್ಯೆಯಿಂದ ಉಳಿದವುಗಳ ಸಂತತಿ. ಈಟಿಯಿಂದ ಬೇಕೆಂದೇ ಕೊಲ್ಲುವುದನ್ನು ಜಗತ್ತು ಬಹುಮಟ್ಟಿಗೆ ನಿಲ್ಲಿಸಿದೆ. ಯಾರಿಗೂ ಕೊಲ್ಲುವ ಉದ್ದೇಶವಿಲ್ಲದೆ ಆಗುವ ಕೊಲೆಯನ್ನು ನಿಲ್ಲಿಸುವ ಬಗೆಯನ್ನು ಅದಿನ್ನೂ ಕಲಿಯಬೇಕಾಗಿದೆ. ಕೊಲೆಗಾರನಿಲ್ಲದ ಕಡೆ ಸಿಟ್ಟಾಗುವುದಾದರೂ ಯಾರ ಮೇಲೆ?

ಲಂಕೆಯ ಜನಕ್ಕೆ ಈ ಜೀವಿಗಳಲ್ಲಿ ಮಮತೆಯಿಲ್ಲವೆಂದು ಹೇಳುವವರು 2020ರ ನವೆಂಬರ್ ಎರಡರ ರಾತ್ರಿಯನ್ನು ನೆನೆಯಬೇಕು. ಕೊಲಂಬೊದ ದಕ್ಷಿಣಕ್ಕಿರುವ ಪಾಣದುರೆಯ ಕಡಲತೀರಕ್ಕೆ ಆ ದಿನ ನೂರಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಬಂದು ಮರಳಿಗೆ ಬಿದ್ದವು. ಕೋವಿಡ್‌ನ ಕರ್ಫ್ಯೂ ಇದ್ದ ಹೊತ್ತು. ನೌಕಾಪಡೆಯವರೂ ಊರಿನ ಯುವಕರೂ ಎದೆಮಟ್ಟದ ನೀರಿಗಿಳಿದು, ಅಲೆಗಳ ಏಟು ತಿನ್ನುತ್ತ, ಇಡೀ ರಾತ್ರಿ ಅವನ್ನು ಒಂದೊಂದಾಗಿ ಹಿಂದಕ್ಕೆ ತಳ್ಳಿದರು. ಕೆಲವು ಸತ್ತವು, ಬೆಳಗಾಗುವ ಹೊತ್ತಿಗೆ ಉಳಿದವೆಲ್ಲ ಕಡಲು ಸೇರಿದ್ದವು. ಅವರಿಗೆ ಯಾರೂ ಪ್ರಸ್ತಾವ ಸಲ್ಲಿಸಿರಲಿಲ್ಲ, ಸಮಿತಿ ಕೂತಿರಲಿಲ್ಲ. ಕೈಗೆ ಎಟುಕುವ ದೂರದಲ್ಲಿ ಪ್ರಾಣಿಯೊಂದು ಸಾಯುತ್ತಿದ್ದರೆ ಮನುಷ್ಯ ಏನು ಮಾಡುತ್ತಾನೆಂಬುದಕ್ಕೆ ಅದು ದೃಷ್ಟಾಂತ. ದೊಂಡ್ರದ ಸಾವು ಕೈಗೆಟುಕದ ದೂರದಲ್ಲಿ, ಕಚೇರಿಯ ಕಿಟಕಿಗೆ ಕಾಣದ ದೂರದಲ್ಲಿ ನಡೆಯುತ್ತದೆ.

ಅದನ್ನು ಕಾಣುವ ದೂರಕ್ಕೆ ಹೋಗುವವನು ಪ್ರವಾಸಿಯೊಬ್ಬನೇ. ಅವನು ತನ್ನ ದುಡ್ಡು ಕೊಟ್ಟು, ಹೊಟ್ಟೆ ತೊಳಸಿಕೊಂಡು, ಸ್ಥಳಕ್ಕೇ ಹೋಗಿ ನಿಲ್ಲುತ್ತಾನೆ. ಅವನಿಂದ ದೋಣಿಯವನಿಗೆ ಸಿಗುವ ಆದಾಯವೇ ಸರ್ಕಾರದ ಕಿವಿಗೆ ಬೀಳುವ ವಾದ: ತಿಮಿಂಗಿಲ ಹೋದರೆ ಮಿರಿಸ್ಸವೂ ಹೋಗುತ್ತದೆ. ಆದ್ದರಿಂದ ಪ್ರವಾಸವನ್ನೇ ಬಿಡಿ ಎಂಬ ಕೆಲವರ ಉಪದೇಶವನ್ನು ನಾನು ಒಪ್ಪಲಾರೆ. ಹೋಗಲಿ, ಹತ್ತಿರ ಹೋಗುವಂತೆ ದೋಣಿಯವನನ್ನು ಪೀಡಿಸದೆ ಹೋಗಲಿ, ದಿಗಂತದ ಹಡಗುಗಳನ್ನು ಚಿತ್ರದಿಂದ ಕತ್ತರಿಸದೆ ಊರಿಗೆ ತಂದು ತೋರಿಸಲಿ. ಆ ಹಡಗುಗಳಲ್ಲಿ ಬರುವ ಸಾಮಾನಿನಲ್ಲಿ ನಮ್ಮ ಮನೆಯದೂ ಒಂದಷ್ಟು ಇದ್ದೀತು.

ಇನ್ನು ಕಚೇರಿಯ ಲೆಕ್ಕ. ಹಡಗುದಾರಿಯ ಬದಲಾವಣೆಯನ್ನು ಅಂತರರಾಷ್ಟ್ರೀಯ ನೌಕಾ ಸಂಘಟನೆ ಅಂಗೀಕರಿಸಿದ ಮೇಲೂ ಅದು ಜಾರಿಗೆ ಬರಲು ಕನಿಷ್ಠ ಆರು ತಿಂಗಳು ಬೇಕು; ಅಷ್ಟರಲ್ಲಿ ಎಲ್ಲ ದೇಶಗಳ ನಕಾಶೆಗಳನ್ನೂ ತಿದ್ದಿ ನಾವಿಕರಿಗೆ ತಲುಪಿಸಬೇಕು. ಅಂಗೀಕಾರಕ್ಕೆ ಮುಂಚೆ ಉಪಸಮಿತಿಯ ಪರಿಶೀಲನೆ, ಅದಕ್ಕೂ ಮುಂಚೆ ಕೊಲಂಬೊದಿಂದ ಹೊರಡಬೇಕಾದ ಪ್ರಸ್ತಾವ. ಮಿರಿಸ್ಸದ ಒಂದು ಋತು ಎಂದರೆ ನವೆಂಬರಿನಿಂದ ಏಪ್ರಿಲ್, ಆರೇ ತಿಂಗಳು.